ಕೆಂಗೇರಿ ಆರೈಕೆ

ನಮ್ಮ ಮೊಮ್ಮಗಳು ಸಿಂಚನಳಿಗೆ ತಿಂಗಳು ತುಂಬುವ ಮೊದಲೇ ಹೆರಿಗೆಯಾಯಿತು. ಹೆಣ್ಣು ಕೂಸು. ಮೊಳಕೈಯಿಂದ ಅಂಗೈವರೆಗೆ ಮಲಗಿಸಿದರೆ ಇನ್ನೂ ಜಾಗ ಮಿಗುತ್ತಿತ್ತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ತಾಯಿಗೆ ಮೇಲಿನ ಮಹಡಿಯಲ್ಲಿ ಮಂಚ ಕೊಟ್ಟರು. ಹಾಲು ಹಿಂಡಿಕೊಡುವ ಹೊತ್ತಿಗೆ ಅವಳು ಮೆಟ್ಟಿಲಿಳಿದು ಹೋಗಬೇಕು, ಗಾಜಿನ ಆಚೆಯಿಂದ ನೋಡಬೇಕು, ಮತ್ತೆ ಮೆಟ್ಟಿಲು ಹತ್ತಬೇಕು.

"ನನ್ನ ಮಗುಗೇ ನಾನು ನೆಂಟರ ಥರ ಆಗ್ಬಿಟ್ಟಿದ್ದೆ ತಾತ," ಎಂದು ಊರಿಗೆ ಬಂದ ಮೇಲೆ ಒಂದು ಸಲ ಹೇಳಿದಳು. ಅಷ್ಟು ಹೇಳಿ ಗೋಡೆಯ ಕಡೆ ತಿರುಗಿಕೊಂಡಳು. ಆಸ್ಪತ್ರೆಯವರು ಮನೆಗೆ ಕಳಿಸುವಾಗ ಕೂಸು ಎರಡು ಕೆ.ಜಿ.ಗೂ ಕಡಿಮೆ ಇತ್ತು. ಮನೆಯಲ್ಲಿ ತೂಕ ಏರದಿದ್ದರೆ ವಾಪಸ್ಸು ಕರೆತರಬೇಕು ಎಂದು ಹೇಳಿಯೇ ಕಳಿಸಿದ್ದರು. ವಾಪಸ್ಸು ಎಂದರೆ ಮತ್ತೆ ಆ ಗಾಜು, ಆ ಮೆಟ್ಟಿಲು. ಸಿಂಚನಳಿಗೆ ಇದ್ದ ಹೆದರಿಕೆ ಅದೊಂದೇ.

ಸಿಂಚನಳ ಅಪ್ಪ ಅಮ್ಮ, ಅಂದರೆ ನನ್ನ ಮಗ ಕೆಂಪರಾಜ್, ಸೊಸೆ, ಇಬ್ಬರೂ ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡ್ ಹತ್ತಿರ ಸಣ್ಣ ಹೋಟೆಲ್ ನಡೆಸುತ್ತಾರೆ. ಹೊತ್ತು ಹುಟ್ಟುವ ಮುಂಚೆ ಇಡ್ಲಿ ಹಾಕಲು ಎದ್ದರೆ ಸಂಜೆಯವರೆಗೆ ಬಿಡುವಿಲ್ಲ. ಅದಕ್ಕೆ ನನ್ನ ಹೆಂಡತಿ ಲಕ್ಷ್ಮೀದೇವಮ್ಮ, "ಬಾಣಂತನ ನಂದು. ನಾನಿನ್ನೂ ಗಟ್ಟಿಯಾಗಿದ್ದೀನಿ," ಎಂದು ತೂಬಗೆರೆ ಪಕ್ಕದ ನಮ್ಮ ಹಳ್ಳಿಗೇ ಕರೆಸಿಕೊಂಡಳು. ಊರಿನ ಕೂಸುಗಳಿಗೆಲ್ಲ ಎಣ್ಣೆ ತಿಕ್ಕಿ ನೀರು ಹಾಕುವ ಅಮ್ಮಯಮ್ಮನಿಗೂ ಹೇಳಿ ಕಳಿಸಿದಳು. ಅಮ್ಮಯಮ್ಮ ಬಂದು ಕೂಸನ್ನು ನೋಡಿ, "ಅಯ್ಯೋ, ಅಳಿಲು ಮರಿ!" ಅಂದು, ಬೆಚ್ಚಗಿರಲಿ ಎಂದು ಬಟ್ಟೆ ಸುತ್ತಲು ಕೂತಳು. ಅವಳು ನಿಲ್ಲಿಸಿದಾಗ ಮೂಗೊಂದೇ ಕಾಣುತ್ತಿತ್ತು.

ಆರೋಗ್ಯ ಉಪಕೇಂದ್ರದ ಪವಿತ್ರ ಸಿಸ್ಟರ್ ಸ್ಕೂಟಿಯಲ್ಲಿ ಮೊದಲ ಸಲ ಬಂದದ್ದು ಸಂಕ್ರಾಂತಿ ಕಳೆದ ಗುರುವಾರ. ನಮ್ಮ ಕಡೆ ಬಾಣಂತಿ ಕೋಣೆಗೆ ಗಂಡಸರು ತಲೆ ಹಾಕುವುದಿಲ್ಲ. ನಾನು ಪಡಸಾಲೆಯಲ್ಲಿ ಗೋಡೆಗೆ ಒರಗಿ, ರೇಷ್ಮೆ ಹುಳಕ್ಕೆ ಹಾಕುವ ಹಿಪ್ಪುನೇರಳೆ ಸೊಪ್ಪಿನ ಕಟ್ಟು ಬಿಚ್ಚುತ್ತಾ ಒಳಗಿನ ಮಾತಿಗೆ ಕಿವಿಗೊಟ್ಟಿದ್ದೆ. ಅಡಿಗೆ ಮನೆಯಲ್ಲಿ ಲಕ್ಷ್ಮೀದೇವಮ್ಮ ಬಾಣಂತಿ ಸಾರಿಗೆ ಮೆಣಸು ಬೆಳ್ಳುಳ್ಳಿ ಹಾಕಿ ಮಿಕ್ಸಿ ತಿರುಗಿಸುತ್ತಿದ್ದಳು. ಮಿಕ್ಸಿ ನಿಂತಾಗ ಒಂದು ಮಾತು ಕೇಳುತ್ತಿತ್ತು, ತಿರುಗಿದಾಗ ಹೋಗುತ್ತಿತ್ತು.

"ಎಣ್ಣೆ ನೀರು ಈಗ್ಲೇ ಬೇಡ. ಸಾಂಬ್ರಾಣಿ ಹೊಗೆ ಬೇಡವೇ ಬೇಡ..." ಸಿಸ್ಟರ್ ಹೇಳುತ್ತಿದ್ದರು. ಮಿಕ್ಸಿ ಗುರ್ರೆಂದಿತು. "...ಬರಿ ಮೈಗೆ ಮೈ ತಾಗ್ಬೇಕು, ಎದೆ ಮೇಲೆ..." ಮತ್ತೆ ಗುರ್. "...ಕೆಂಗೇರಿ ಆರೈಕೆ. ಇದಕ್ಕೆ ಅದೇ ಔಷಧಿ. ಅದು ಬಿಟ್ರೆ ಇನ್ನೇನೂ ಇಲ್ಲ."

ನನ್ನ ಕಿವಿಗೆ ಬಿದ್ದದ್ದು ಹಾಗೆ. ಒಂದು ಸಲವಲ್ಲ, ಎರಡು ಸಲ ಬಿತ್ತು.

ಅದರಲ್ಲಿ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಮೂಳೆ ಮುರಿದರೆ ಪುತ್ತೂರು ಕಟ್ಟು ಅನ್ನುತ್ತೇವೆ. ಒಂದೊಂದು ಕಾಯಿಲೆಗೆ ಒಂದೊಂದು ಊರು. ನನ್ನ ಅಪ್ಪ ಕೈ ಮುರಿದುಕೊಂಡಾಗ ಗಾಡಿ, ಬಸ್ಸು, ಮತ್ತೆ ಗಾಡಿ ಹಿಡಿದು ಪುತ್ತೂರಿಗೆ ಕರೆದುಕೊಂಡು ಹೋಗಿ ಬಂದಿದ್ದೆವು. ಹಾಗೆಯೇ ಕೂಸಿನ ತೂಕಕ್ಕೆ ಕೆಂಗೇರಿ ಇರಬೇಕು ಅಂದುಕೊಂಡೆ. ಸಿಸ್ಟರನ್ನು ಕೇಳಬಹುದಿತ್ತು. ಆದರೆ ಬಾಣಂತಿಯ ವಿಚಾರವನ್ನು ಗಂಡಸು ಕೆದಕಿ ಕೇಳುವುದು ಚೆನ್ನಲ್ಲ. ಅಷ್ಟರಲ್ಲಿ ಅವರ ಸ್ಕೂಟಿ ತಿರುವಿನಲ್ಲಿ ಮರೆಯಾಗಿತ್ತು.

ಮಾರನೆಯ ಬೆಳಿಗ್ಗೆ ತೊಳೆದ ಅಂಗಿ ಹಾಕಿಕೊಂಡು ಹೊರಟೆ.

"ಎಲ್ಲಿಗೆ?" ಎಂದಳು ಲಕ್ಷ್ಮೀದೇವಮ್ಮ.

"ರಾಮನಗರಕ್ಕೆ. ಗೂಡಿನ ರೇಟು ಹೆಂಗೈತೆ ನೋಡ್ಕೊಂಡು ಬತ್ತೀನಿ."

"ಹುಳ ಇನ್ನೂ ಅಕ್ಕಿಕಾಳಿನಷ್ಟಿಲ್ಲ, ಗೂಡಿನ ರೇಟು ನೋಡೋಕೆ ಹೊಂಟ್ರು ಯಜಮಾನ್ರು!" ಎಂದು ಅವಳು ಗೋಡೆಗೆ ಹೇಳಿದಳು. ನಾನು ಚಪ್ಪಲಿ ಮೆಟ್ಟಿದೆ.

ರಾಮನಗರದ ಗೂಡಿನ ಮಾರ್ಕೆಟ್ಟಿಗೆ ವರ್ಷಗಟ್ಟಲೆ ಓಡಾಡಿದವನು ನಾನು. ಕೆಂಗೇರಿ ದಾರಿಯಲ್ಲೇ ಸಿಗುತ್ತದೆ. ಎಷ್ಟೋ ಸಲ ಗೂಡಿನ ಚೀಲದ ಮೇಲೆ ಕೂತು ಆ ಊರನ್ನು ದಾಟಿದ್ದೇನೆ. ಇಳಿದದ್ದು ಮಾತ್ರ ಅದೇ ಮೊದಲು. ಬಸ್ ಸ್ಟ್ಯಾಂಡಿನಲ್ಲಿ ಹೂ ಕಟ್ಟುತ್ತಿದ್ದ ಹೆಂಗಸಿನ ಮುಂದೆ ನಿಂತು ಕೇಳಿದೆ.

"ಅವ್ವಾ, ಇಲ್ಲಿ ಕೂಸುಗೆ ಆರೈಕೆ ಕೊಡ್ತಾರಂತಲ್ಲ, ಅದು ಯಾವ ಬೀದೀಲಿ?"

"ಏನು ಆರೈಕೆ?"

"ಕೆಂಗೇರಿ ಆರೈಕೆ."

ಅವಳು ದಾರ ಹಲ್ಲಿನಲ್ಲಿ ಹಿಡಿದುಕೊಂಡೇ ಯೋಚನೆ ಮಾಡಿದಳು. "ಹುಟ್ಟಿದಾಗಿಂದ ಇಲ್ಲೇ ಇದ್ದೀನಿ ಯಜಮಾನ್ರೆ. ನಂಗೆ ಯಾರೂ ಏನೂ ಆರೈಕೆ ಕೊಟ್ಟಿಲ್ಲಪ್ಪ." ಪಕ್ಕದಲ್ಲಿದ್ದ ಆಟೋ ಹುಡುಗ ಮಧ್ಯೆ ಬಾಯಿ ಹಾಕಿದ. "ಗುರು, ಆಶ್ರಮ ಇರ್ಬೇಕು ನೋಡು. ಇಲ್ಲಾಂದ್ರೆ ಆಯುರ್ವೇದ. ಮೆಡಿಕಲ್ ಸ್ಟೋರಲ್ಲಿ ಕೇಳು ಯಜಮಾನ, ಅವ್ರಿಗೆ ಎಲ್ಲ ಗೊತ್ತಿರ್ತದೆ."

ಮೆಡಿಕಲ್ ಸ್ಟೋರಿನಲ್ಲಿ ಒಬ್ಬ ಹುಡುಗಿ ಇದ್ದಳು. ಬಿಳಿ ಕೋಟಿನ ಜೇಬಿನ ಮೇಲೆ ಹೆಸರು ಬರೆದಿತ್ತು. ಅಕ್ಷರ ಕೂಡಿಸಿ ಓದಿಕೊಂಡೆ, ಹರ್ಷಿತ. ಅವಳು ಆತುರಪಡಲಿಲ್ಲ. "ಸಿಸ್ಟರ್ ಏನೇನು ಹೇಳಿದ್ರು, ಒಂದೊಂದೇ ಹೇಳಿ ತಾತ," ಎಂದಳು. ನಾನು ಕೇಳಿದ್ದನ್ನು ಕೇಳಿದ ಹಾಗೆ ಒಪ್ಪಿಸಿದೆ. ತಿಂಗಳು ತುಂಬದ ಕೂಸು, ಎಣ್ಣೆ ನೀರು ಬೇಡ, ಮೈಗೆ ಮೈ, ಎದೆ ಮೇಲೆ, ಕೆಂಗೇರಿ ಆರೈಕೆ.

ಹುಡುಗಿ ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ಕೌಂಟರಿನ ಕೆಳಗೆ ಕೂತುಬಿಟ್ಟಳು. ಏನೋ ಬಿದ್ದಿರಬೇಕು, ಹುಡುಕುತ್ತಿದ್ದಾಳೆ ಅಂದುಕೊಂಡೆ. ನಗುತ್ತಿದ್ದಳು. ಎದ್ದು ಕಣ್ಣು ಒರೆಸಿಕೊಂಡು, "ಬೇಜಾರು ಮಾಡ್ಕೋಬೇಡಿ ತಾತ. ಅದು ಕೆಂಗೇರಿ ಅಲ್ಲ, ಕಾಂಗರೂ!" ಎಂದು ಫೋನಿನಲ್ಲಿ ಒಂದು ಪ್ರಾಣಿಯನ್ನು ತೋರಿಸಿದಳು. ಮೊಲದ ಮುಖ, ಜಿಂಕೆಯ ಕಿವಿ, ಹಿಂಗಾಲು ಮಾತ್ರ ಯಾರದೋ ಸಾಲ ತಂದ ಹಾಗೆ ಉದ್ದ. ಹೊಟ್ಟೆಯಲ್ಲೊಂದು ಜೇಬು. ಜೇಬಿನಿಂದ ಮರಿ ಇಣುಕುತ್ತಿತ್ತು.

"ಇದರ ಮರಿ ತೀರಾ ಪುಟ್ಟದಾಗಿ ಹುಟ್ಟುತ್ತೆ. ಜೇಬಲ್ಲಿಟ್ಕೊಂಡೇ ದೊಡ್ಡದು ಮಾಡುತ್ತೆ. ಹಂಗೇ ನಿಮ್ಮ ಮಗೂನೂ ಎದೆಗೆ ಅಂಟಿಸ್ಕೊಂಡು ಇರ್ಬೇಕು. ಮಧ್ಯೆ ಬಟ್ಟೆ ಇರ್ಬಾರ್ದು. ಅಷ್ಟೇ ಔಷಧಿ." ಮತ್ತೆ ಬೆರಳು ಸರಿಸಿದಳು. ಯಾವುದೋ ಆಸ್ಪತ್ರೆಯಲ್ಲಿ ದಪ್ಪ ಮೀಸೆಯ ಒಬ್ಬ ಗಂಡಸು ಅಂಗಿ ಬಿಚ್ಚಿ, ಎದೆಯ ಮೇಲೆ ಟೊಪ್ಪಿಗೆ ಹಾಕಿದ ಕೂಸನ್ನು ಮಲಗಿಸಿಕೊಂಡು ಒರಗಿದ್ದ. ಇಬ್ಬರೂ ನಿದ್ದೆ ಮಾಡುತ್ತಿರುವ ಹಾಗೆ ಕಂಡಿತು.

"ಗಂಡಸರೂ ಮಾಡಬೌದಾ?"

"ಮೈ ಬಿಸಿ ಇದ್ದೋರು ಯಾರಾದ್ರೂ ಮಾಡಬಹುದು ತಾತ. ಕಾಯಿಲೆ ಇರ್ಬಾರ್ದು, ಶುದ್ಧವಾಗಿರ್ಬೇಕು."

ಸಂಜೆ ಮನೆಗೆ ಬಂದೆ. "ರೇಟು ಹೆಂಗೈತೆ?" ಎಂದಳು ಲಕ್ಷ್ಮೀದೇವಮ್ಮ. "ಪರವಾಗಿಲ್ಲ," ಎಂದೆ.

ತಿಳಿದುಕೊಂಡು ಬಂದದ್ದೇನೋ ಆಯಿತು, ಹೇಳುವುದು ಹೇಗೆ? ಬಾಗಿಲ ಸಂದಿಯಿಂದ ನೋಡಿದರೆ ಸಿಂಚನ ಸ್ವೆಟರ್ ಹಾಕಿಕೊಂಡು, ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು ಕಟ್ಟಿಕೊಂಡು ಕೂತಿದ್ದಳು. ಅವಳ ಎದೆಯ ಮೇಲೆ ಅಮ್ಮಯಮ್ಮ ಸುತ್ತಿದ ಬಟ್ಟೆಯ ಗಂಟು. ಆ ಗಂಟಿನೊಳಗೆ ಎಲ್ಲೋ ಕೂಸು. ಎದೆಯ ಮೇಲೆ ಇಟ್ಟುಕೋ ಎಂದು ಸಿಸ್ಟರ್ ಹೇಳಿದ್ದನ್ನು ಅವರು ನಡೆಸಿಯೇ ಇದ್ದರು. ಚಳಿಗೆ ಹೆದರಿ ಬಟ್ಟೆ ಮಾತ್ರ ತೆಗೆದಿರಲಿಲ್ಲ. ಮೊಮ್ಮಗಳಿಗೆ ಬಟ್ಟೆ ತೆಗೆ ಎಂದು ತಾತ ಯಾವ ಬಾಯಲ್ಲಿ ಹೇಳಬೇಕು? ಊಟಕ್ಕೆ ಕೂತಾಗ ಹೆಂಡತಿಗೆ ಸುತ್ತಿ ಬಳಸಿ ಹೇಳಿ ನೋಡಿದೆ.

"ಒಂದು ಪ್ರಾಣಿ ಐತಂತೆ ಕಣೇ. ಅದಕ್ಕೆ ಹೊಟ್ಟೇಲೇ ಜೇಬು."

ಅವಳು ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿ ನನ್ನ ಹಣೆ ಮುಟ್ಟಿ ನೋಡಿದಳು. "ಬಿಸ್ಲಲ್ಲಿ ರಾಮನಗರಕ್ಕೆ ಹೋಗ್ಬೇಡಿ ಅಂದ್ರೆ ಕೇಳಲ್ಲ. ಮಜ್ಜಿಗೆ ಕುಡ್ದು ಮಲಿಕ್ಕಳಿ."

ಮುಂದಿನ ಗುರುವಾರ ನಾನು ಪಡಸಾಲೆಯಲ್ಲಿ ಸೊಪ್ಪಿನ ಕಟ್ಟು ಹಿಡಿದು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಸಿಸ್ಟರ್ ಬಂದು ತಕ್ಕಡಿ ತೆಗೆದರು. ಅದು ಬಟ್ಟೆ ಜೋಲಿಯ ತಕ್ಕಡಿ, ಮೇಲೆ ಹಿಡಿದೆತ್ತಿದರೆ ಮುಳ್ಳು ತಿರುಗುತ್ತದೆ. ಕೂಸಿನ ಬಟ್ಟೆ ಬಿಚ್ಚತೊಡಗಿದರು. ಒಂದು ಬಿಚ್ಚಿದರೆ ಇನ್ನೊಂದು.

"ಈ ಈರುಳ್ಳಿ ಯಾರು ಕಟ್ಟಿದ್ದು? ಸಿಪ್ಪೆ ತೆಗೀತಾನೇ ಇದ್ದೀನಿ, ಮಗು ಸಿಗ್ತಿಲ್ಲ!"

"ನಾನೇ ಕಣವ್ವ ಕಟ್ಟಿದ್ದು," ಎಂದಳು ಅಮ್ಮಯಮ್ಮ. "ನಂದಿ ಬೆಟ್ಟದ ಕಡೆ ಗಾಳಿ ನೋಡು, ಮೂಳೆಗೇ ಹೊಕ್ತೈತೆ. ಎಳೇ ಕೂಸು ತಡ್ಕೊಂತದಾ?"

ಮುಳ್ಳು ಹೋದ ವಾರ ನಿಂತ ಜಾಗಕ್ಕೇ ಬಂದು ನಿಂತಿತು. ಸಿಸ್ಟರ್ ಬೈಯಲಿಲ್ಲ. ಅಮ್ಮಯಮ್ಮನ ಪಕ್ಕದಲ್ಲೇ ನೆಲಕ್ಕೆ ಕೂತು, "ನೀವು ಹೇಳೋದು ಸರಿ, ಇವಳಿಗೆ ಚಳಿ ತಡೆಯೋಕಾಗಲ್ಲ," ಎಂದರು. "ಆದ್ರೆ ಬಟ್ಟೆಗೆ ತನ್ನದೇ ಬಿಸಿ ಎಲ್ಲಿದೆ? ತನ್ನ ಮೈ ಬಿಸಿ ಮಾಡ್ಕೊಳ್ಳೋಕೇ ಇವಳು ಕುಡಿದ ಹಾಲೆಲ್ಲ ಖರ್ಚು ಮಾಡ್ತಿದ್ದಾಳೆ. ಬೆಳೆಯೋಕೆ ಏನೂ ಉಳೀತಿಲ್ಲ. ತಾಯಿ ಮೈ ತಾಗಿದ್ರೆ ಆ ಬಿಸಿ ಪುಕ್ಕಟೆ ಸಿಗುತ್ತೆ, ಹಾಲು ಮೈಗೆ ಹತ್ತುತ್ತೆ." ಆಮೇಲೆ ಸಿಂಚನಳ ಕಡೆ ತಿರುಗಿ ಮೆಲ್ಲಗೆ ಹೇಳಿದರು. "ಬರೋ ಗುರುವಾರಾನೂ ಹಿಂಗೇ ಇದ್ರೆ ನಾನು ಆಸ್ಪತ್ರೆಗೆ ಕಳಿಸಲೇಬೇಕಮ್ಮ. ಸುಮ್ಮನಿರೋಕೆ ಆಗಲ್ಲ."

ಸಿಂಚನಳ ಕೈ ಕೂಸಿನ ಮೇಲೆ ಬಿಗಿಯಾಯಿತು. "ಅಲ್ಲಿಗೆ ಬೇಡ ಸಿಸ್ಟರ್. ನೀವು ಹೇಳ್ದಂಗೆ ಮಾಡ್ತೀನಿ. ಆದ್ರೆ ಹಗಲೂ ರಾತ್ರಿ ಒರಗಿಕೊಂಡೇ ಹೆಂಗಿರಲಿ? ಸೊಂಟ ಬಿದ್ದೋಗ್ತೈತೆ. ಒಂದು ಗಳಿಗೆ ಕಣ್ಣು ಮುಚ್ಚಿದ್ರೆ ಎಲ್ಲಿ ಜಾರ್ಬಿಡ್ತಾಳೋ ಅಂತ ಭಯ. ನನ್ನ ಕೈಲಿ ಆಗ್ತಿಲ್ಲ..." ಎಂದು ಅತ್ತುಬಿಟ್ಟಳು.

"ನೀನೊಬ್ಳೇ ಮಾಡ್ಬೇಕು ಅಂತ ಯಾರು ಹೇಳಿದ್ರು? ಸಂಜೆ ನಿಮ್ಮಮ್ಮ ಬರ್ತಾರೆ, ಅವರೊಂದು ಸರದಿ. ಹಗಲು ಅಜ್ಜಿ ಇದ್ದಾರಲ್ಲ?"

"ನಂಗೆ ಸಂಕ್ರಾಂತಿಯಿಂದ ಕೆಮ್ಮು ಕಣಮ್ಮ," ಎಂದು ಲಕ್ಷ್ಮೀದೇವಮ್ಮ ಹೇಳುತ್ತಲೇ ಕೆಮ್ಮಿದಳು.

"ಹಂಗಾದ್ರೆ ನೀವು ಬೇಡ. ಅಮ್ಮಯಮ್ಮ?"

"ನಂದು ಬರೀ ಮೂಳೆ. ಕೂಸುಗೆ ಚುಚ್ಕೊಂತೈತೆ."

ಸಿಂಚನ ಮೂಗು ಒರೆಸಿಕೊಂಡಳು. ಸೊಪ್ಪಿನ ಕಟ್ಟನ್ನು ಪಕ್ಕಕ್ಕಿಟ್ಟು ನಾನು ಬಾಗಿಲಿಗೆ ಬಂದು ನಿಂತೆ.

"ಗಂಡಸರ ಎದೇನೂ ಆಗ್ತೈತಂತೆ," ಎಂದೆ.

ಎಲ್ಲರೂ ತಿರುಗಿ ನೋಡಿದರು. ಬಾಣಂತಿ ಕೋಣೆಯ ಹೊಸ್ತಿಲ ಹತ್ತಿರ ನಾನು ನಿಂತದ್ದೇ ದೊಡ್ಡ ವಿಷಯ. ಮಾತು ಬೇರೆ ಆಡಿದ್ದೆ.

"ನಿಮಗೆ ಯಾರು ಹೇಳಿದ್ರು ತಾತ?" ಎಂದರು ಸಿಸ್ಟರ್.

"ಕೆಂಗೇರೀಲಿ ಹೇಳಿದ್ರು."

"ಕೆಂಗೇರೀಲಾ?"

"ನೀವೇ ಅಲ್ವಾ ಹೇಳಿದ್ದು, ಇದಕ್ಕೆ ಕೆಂಗೇರಿ ಆರೈಕೇನೇ ಔಷಧಿ ಅಂತ? ಹೋಗಿದ್ದೆ. ಅಲ್ಲಿ ಮೆಡಿಕಲ್ ಸ್ಟೋರಿನ ಹುಡುಗಿ ಆ ಪ್ರಾಣಿ ತೋರ್ಸಿದ್ಳು."

ಸಿಸ್ಟರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಕಾಂಗರೂ..." ಎಂದವರು ಅಲ್ಲಿಗೇ ನಿಲ್ಲಿಸಿ ಬಾಯಿಗೆ ಕೈ ಅಡ್ಡ ಹಿಡಿದರು. ಲಕ್ಷ್ಮೀದೇವಮ್ಮ ಕಣ್ಣರಳಿಸಿ, "ಅದಾ ರಾಮನಗರದ ಗೂಡಿನ ರೇಟು! ಹೊಟ್ಟೇಲಿ ಜೇಬು! ನಾನು ತಲೆ ಕೆಟ್ಟೋಯ್ತು ಅಂತ ಮಜ್ಜಿಗೆ ಕೊಟ್ನಲ್ಲಪ್ಪ!" ಎಂದಳು. ಮೊದಲು ನಕ್ಕವಳು ಸಿಂಚನ. ಕಣ್ಣಲ್ಲಿ ನೀರು ಇದ್ದ ಹಾಗೆಯೇ ನಕ್ಕಳು. ಹೊಟ್ಟೆ ಹಿಡಿದುಕೊಂಡು, "ನಗಿಸ್ಬೇಡಿ, ನೋಯ್ತೈತೆ," ಎನ್ನುತ್ತಾ ಮತ್ತೆ ನಕ್ಕಳು. ಹೆರಿಗೆಯಾದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾವು ಯಾರೂ ನೋಡಿರಲಿಲ್ಲ. ಏನಾಯಿತೆಂದು ತಿಳಿಯದ ಅಮ್ಮಯಮ್ಮ, ಎಲ್ಲರೂ ನಗುತ್ತಾರಲ್ಲ ಎಂದು ತಾನೂ ನಕ್ಕಳು.

ನಗು ನಿಂತ ಮೇಲೆ ಸಿಸ್ಟರ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಕೆಮ್ಮು, ಜ್ವರ, ಕಜ್ಜಿ ಏನಾದ್ರೂ ಇದೆಯಾ ತಾತ? ಬೀಡಿ?"

"ಬಿಟ್ಟು ಕಾಲ ಆಯ್ತು."

"ಹೊಗೆಸೊಪ್ಪು ಹಾಕ್ತಾರೆ, ಕೇಳಿ ಅದನ್ನ," ಎಂದಳು ನನ್ನ ಹೆಂಡತಿ.

ಸೊಂಟದಲ್ಲಿದ್ದ ಎಲೆಅಡಿಕೆ ಚೀಲವನ್ನು ತೆಗೆದು ಅವಳ ಕೈಗೇ ಕೊಟ್ಟೆ.

"ಹುಳದ ಮನೆಗೆ ಹೋಗೋ ಮುಂಚೆ ಏನು ಮಾಡ್ತೀರಿ ತಾತ?"

"ಕೈಕಾಲು ತೊಳೀತೀನಿ. ಬಟ್ಟೆ ಬದಲಾಯಿಸ್ತೀನಿ. ಹೊರಗಿನ ಜನಾನ ಒಳಕ್ಕೆ ಬಿಡಲ್ಲ."

"ಅಷ್ಟೇ ಇದಕ್ಕೂ. ಸೋಪು ಹಾಕಿ ಸ್ನಾನ ಮಾಡ್ಕೊಂಡು ಬನ್ನಿ."

ಸ್ನಾನವಾಯಿತು. ಉಗುರು ಕತ್ತರಿಸಿದ್ದೂ ಆಯಿತು. ಎದೆಯ ನರೆಗೂದಲು ಕೂಸಿನ ಮೂಗಿಗೆ ಹೋಗುತ್ತದೆಂದು ಲಕ್ಷ್ಮೀದೇವಮ್ಮ ಕತ್ತರಿ ಹಿಡಿದು ಬಂದಳು. "ನೆಟ್ಟಗೆ ಕೂತ್ಕಳಿ, ಮದುವೆ ದಿನಾನೂ ಇಷ್ಟು ಚೆನ್ನಾಗಿ ಕ್ಷೌರ ಆಗಿರ್ಲಿಲ್ಲ ನಿಮಗೆ," ಎನ್ನುತ್ತಾ ಕತ್ತರಿಸಿದಳು. ಪಡಸಾಲೆಯಲ್ಲಿ ಗಾಳಿ ಬರದ ಮೂಲೆಗೆ ಈಸಿ ಚೇರು ಹಾಕಿದರು. ನಾನು ಒರಗಿಕೊಂಡೆ. ಸಿಸ್ಟರ್ ಕೂಸನ್ನು ತಂದು, ಕಪ್ಪೆ ಕೂತ ಹಾಗೆ ಕಾಲು ಮಡಿಸಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಎದೆಯ ಮೇಲೆ ನೆಟ್ಟಗೆ ಇಟ್ಟರು. "ಮೂಗು, ಬಾಯಿ ಯಾವಾಗ್ಲೂ ಕಾಣ್ತಿರ್ಬೇಕು. ಹಸಿವಾದಾಗ ಅಮ್ಮನ ಹತ್ರ. ನಿದ್ದೆ ಬರೋ ಹಾಗಾದ್ರೆ ಯಾರನ್ನಾದ್ರೂ ಕೂಗಿ." ಆಮೇಲೆ ಲಕ್ಷ್ಮೀದೇವಮ್ಮನ ಹಳೆಯ ಹತ್ತಿ ಸೀರೆಯಿಂದ ಇಬ್ಬರನ್ನೂ ಸೇರಿಸಿ ಕಟ್ಟಿದರು.

ಮೊದಲು ಎದೆಯ ಮೇಲೆ ಏನೂ ಇಲ್ಲವೇನೋ ಅನ್ನಿಸಿತು, ಅಷ್ಟು ಹಗುರ. ಕಾಲು ಮಾತ್ರ ತಣ್ಣಗೆ, ಬೆಳಗಿನ ಸೊಪ್ಪಿನ ಹಾಗೆ. ಆಮೇಲೆ ಉಸಿರು ಗೊತ್ತಾಯಿತು. ಎರಡು ಉಸಿರು ಬೇಗ ಬೇಗ, ಒಂದು ತಡೆದು, ಮತ್ತೆ ಬೇಗ. ನಮ್ಮ ಕಾಲದಲ್ಲಿ ಗಂಡಸರು ಮಕ್ಕಳನ್ನು ಎತ್ತಿಕೊಳ್ಳುತ್ತಿದ್ದದ್ದು ಕತ್ತು ನಿಂತ ಮೇಲೆ. ಕೆಂಪರಾಜ್ ಇಷ್ಟು ಸಣ್ಣವನಿದ್ದಾಗ ಹೇಗೆ ಉಸಿರಾಡುತ್ತಿದ್ದನೋ ನನಗೆ ಗೊತ್ತಿಲ್ಲ. ನಾನು ಅಲ್ಲಾಡದೆ ಕೂತೆ. ಸುಮ್ಮನೆ ಕೂರುವುದು ನನಗೆ ಮೊದಲಿಂದ ಬರುವ ಕೆಲಸ, ಅದಕ್ಕಾಗಿ ಮನೆಯಲ್ಲಿ ಬೈಸಿಕೊಂಡೂ ಇದ್ದೇನೆ. ಸ್ವಲ್ಪ ಹೊತ್ತಿಗೆ ಕೂಸಿನ ಕಾಲು ಬೆಚ್ಚಗಾಯಿತು. ಒಳಗೆ ಅಮ್ಮಯಮ್ಮ ಸಿಂಚನಳ ಸೊಂಟಕ್ಕೆ ಎಣ್ಣೆ ನೀವುತ್ತಿದ್ದಳು. "ಬಾಣಂತಿ ಸೊಂಟ ನಿಮ್ಮ ಪಾಲು ಅಮ್ಮಯಮ್ಮ, ನಿಮ್ಮ ಕೈ ಯಾರಿಗೂ ಬರಲ್ಲ," ಎಂದು ಸಿಸ್ಟರ್ ಅವಳಿಗೆ ಕೆಲಸ ಹಚ್ಚಿದ್ದರು. ಇನ್ನೊಂದು ಗಳಿಗೆಗೆ ಸಿಂಚನಳ ಗೊರಕೆ ಕೇಳಿತು. ಅಷ್ಟು ಸಣ್ಣ ಹುಡುಗಿ ಅಷ್ಟು ಜೋರಾಗಿ ಗೊರಕೆ ಹೊಡೆಯುತ್ತಾಳೆಂದು ಯಾರಿಗೂ ತಿಳಿದಿರಲಿಲ್ಲ.

ಅಂದಿನಿಂದ ಸರದಿ ಶುರುವಾಯಿತು. ಸಿಂಚನ ಸ್ವೆಟರ್ ಬಿಚ್ಚಿ ಕೂಸನ್ನು ಮೈಗೆ ಹಚ್ಚಿಕೊಂಡಳು. ಹಾಲು ಕುಡಿಸುವುದು, ಕುಡಿಯಲಾರದೆ ಕೂಸು ಸೋತಾಗ ಹಿಂಡಿ ಒಳಲೆಯಲ್ಲಿ ಹನಿ ಹನಿಯಾಗಿ ಬಾಯಿಗೆ ಬಿಡುವುದು ಅವಳ ಪಾಲು. ಅವಳು ಉಣ್ಣುವಾಗ, ಮಲಗುವಾಗ ನಾನು. ಸಂಜೆ ಹೋಟೆಲ್ ಮುಚ್ಚಿ ಬಂದು ಸ್ನಾನ ಮಾಡಿ ಸೊಸೆ. ಪಕ್ಕದ ಮನೆಯ ಕೊಂಡಪ್ಪ ನನ್ನ ಹುಳಕ್ಕೆ ಸೊಪ್ಪು ಹಾಕುವುದನ್ನು ವಹಿಸಿಕೊಂಡ. ಅವನು ಸುಮ್ಮನೆ ಹಾಕುತ್ತಾನೆಯೇ? ಬಾಗಿಲಾಚೆ ನಿಂತು ದಿನಾ ಒಂದು ಮಾತು.

"ಏನಪ್ಪಾ ಅಪ್ಪಯ್ಯಣ್ಣ, ಬಾಣಂತನ ಹೆಂಗೈತೆ? ಹಾಲು ಸರಿಯಾಗಿ ಬತ್ತೈತಾ?"

"ಸೊಪ್ಪು ಹಾಕ್ದ್ಯಾ ಇಲ್ವಾ, ಅದು ಹೇಳ್ಲಾ."

"ಬಾಣಂತಿ ಕೂಗಾಡ್ಬಾರ್ದು ಕಣಪ್ಪ. ನರ ಏಳ್ತೈತೆ."

ಲಕ್ಷ್ಮೀದೇವಮ್ಮ ಅವನಿಗಿಂತ ಒಂದು ಕೈ ಮೇಲು. ಸಿಂಚನಳಿಗೆ ಮಾಡಿದ ಮೆಣಸಿನ ಸಾರು ಅನ್ನವನ್ನೇ ನನಗೂ ಬಡಿಸಿದಳು. ಒಂದು ದಿನ ನನ್ನ ಕಿವಿಗೂ ಹತ್ತಿ ಇಡಲು ಬಂದಳು. ಊರಿನ ಹೆಂಗಸರು ನೋಡಲು ಬಂದವರು, ಒಳಗೆ ಹೋಗಬೇಕಾದವರೆಲ್ಲ ಪಡಸಾಲೆಯಲ್ಲೇ ನಿಂತು ನನ್ನನ್ನು ನೋಡಿ ಸೆರಗು ಬಾಯಿಗಿಟ್ಟುಕೊಂಡು ಹೋದರು. ಅವರ ಬಾಯಲ್ಲೆಲ್ಲ ಇದು ಕೆಂಗೇರಿ ಆರೈಕೆಯೇ ಆಯಿತು. "ಕೆಂಗೇರಿ ಮುಗೀತಾ? ಈಗ ಯಾರ ಕೆಂಗೇರಿ?" ಎಂದು ಕೇಳುವರು.

ಭಾನುವಾರ ಸಿಂಚನಳ ಗಂಡ ಬೈರೇಶ್ ಜಡಿಗೇನಹಳ್ಳಿಯಿಂದ ಬಂದ. ಹೊಸಕೋಟೆ ಕಡೆ ಫ್ಯಾಕ್ಟರಿಯಲ್ಲಿ ಕೆಲಸ, ವಾರಕ್ಕೊಂದು ರಜಾ. ಬಂದವನು ಕುರ್ಚಿಯಲ್ಲಿ ನನ್ನನ್ನು ಕಂಡು, ಮಾತಾಡಿಸಲೋ ಬೇಡವೋ ಎಂಬಂತೆ ನಿಂತ. ಆಮೇಲೆ ಮೆಲ್ಲಗೆ, "ತಾತ, ನಂಗೂ ಒಂದು ಸರದಿ ಕೊಡ್ತೀರಾ?" ಎಂದ.

"ನಿಂದೇ ಮಗು ಕಣಪ್ಪ. ನನ್ನ ಕೇಳ್ತೀಯಲ್ಲ. ಮೊದ್ಲು ಸ್ನಾನ ಮಾಡು."

ಅವನು ಕೂಸನ್ನು ಎದೆಗಿಟ್ಟುಕೊಂಡು ಉಸಿರು ಬಿಗಿಹಿಡಿದು ಕೂತ. ಬೆವರತೊಡಗಿದ. "ಉಸ್ರಾಡ್ರೀ," ಎಂದಳು ಸಿಂಚನ ಒಳಗಿನಿಂದ. ಅವನು ಉಸಿರು ಬಿಟ್ಟದ್ದೇ ತಡ, ಕೂಸು ಅವನ ಹೊಟ್ಟೆಯ ಮೇಲೆ ಬಿಸಿಯಾಗಿ ಹರಿಸಿಬಿಟ್ಟಿತು. "ಇಷ್ಟು ದಿನ ನನ್ನ ಮೇಲೆ ಒಂದು ಹನಿ ಬೀಳಿಸಿಲ್ಲ," ಎಂದೆ. "ಅಪ್ಪ ಯಾರು ಅಂತ ಗೊತ್ತೈತೆ ಅವಳಿಗೆ," ಎಂದು ಅಮ್ಮಯಮ್ಮ ಬಟ್ಟೆ ತಂದಳು. ಬೈರೇಶ್ ಎದ್ದೇಳಲಿಲ್ಲ. ಒರೆಸಿಸಿಕೊಂಡು ಮತ್ತೆ ಹಾಗೆಯೇ ಒರಗಿದ. ಸಂಜೆಯ ಬಸ್ಸಿಗೆ ಅವನನ್ನು ಎಬ್ಬಿಸಿ ಕಳಿಸುವುದೇ ಕಷ್ಟವಾಯಿತು.

ಗುರುವಾರ ಬಂತು. ಸಿಂಚನ ಬೆಳಿಗ್ಗೆಯೇ ತಲೆ ಬಾಚಿಕೊಂಡಳು, ಮತ್ತೆ ಬಿಚ್ಚಿ ಬಾಚಿಕೊಂಡಳು. ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಎಂದು ಚೀಲಕ್ಕೆ ಎರಡು ಸೀರೆ ಹಾಕಿಟ್ಟಿದ್ದಳು. ಅದನ್ನು ಮಂಚದ ಕೆಳಗೆ ತಳ್ಳಿದ್ದರೂ ನನಗೆ ಕಂಡಿತ್ತು. ಲಕ್ಷ್ಮೀದೇವಮ್ಮ ಒಲೆಯ ಮುಂದೆ ಇಲ್ಲದ ಕೆಲಸ ಮಾಡಿಕೊಂಡು ನಿಂತಿದ್ದಳು.

ಸಿಸ್ಟರ್ ಕೂಸನ್ನು ಜೋಲಿಯಲ್ಲಿಟ್ಟು ತಕ್ಕಡಿ ಎತ್ತಿದರು. ಮುಳ್ಳು ನಡುಗಿತು. ಅವರು ಏನೂ ಹೇಳದೆ ಕೂಸನ್ನು ಕೆಳಗಿಳಿಸಿದರು. ಬರಿಯ ಜೋಲಿಯನ್ನು ಎತ್ತಿ ನೋಡಿದರು. ಮುಳ್ಳು ಸೊನ್ನೆಗೆ ನಿಂತಿದೆಯೋ ಎಂದು ಬಗ್ಗಿ ನೋಡಿ, ಟೊಪ್ಪಿಗೆ ತೆಗೆದು, ಮತ್ತೆ ಕೂಸನ್ನಿಟ್ಟು ಎತ್ತಿದರು.

"ಏನಾಯ್ತು ಸಿಸ್ಟರ್?" ಸಿಂಚನ ಎದ್ದು ತಕ್ಕಡಿಯ ಹತ್ತಿರ ಬಂದಳು.

"ಮೊದಲ ಸಲ ನೋಡಿದಾಗ ನಂಬಿಕೆ ಬರ್ಲಿಲ್ಲಮ್ಮ, ಅದಕ್ಕೇ ಇನ್ನೊಂದು ಸಲ ನೋಡ್ದೆ. ಎರಡು ಕೆ.ಜಿ. ದಾಟಿದ್ದಾಳೆ! ಎಷ್ಟು ಚೆನ್ನಾಗಿ ಬಂದಿದೆ ನೋಡಿ ತೂಕ, ಎಷ್ಟು ದಪ್ಪ ಆಗಿದ್ದಾಳೆ!"

"ಥೂ ಥೂ ಥೂ!" ಅಮ್ಮಯಮ್ಮ ಹಾರಿ ಬಂದು ಕೂಸಿನ ಮುಖಕ್ಕೆ ಸೆರಗು ಅಡ್ಡ ಹಿಡಿದಳು. "ಹಂಗೆಲ್ಲ ಕೂಗಿ ಹೇಳ್ತಾರೇನವ್ವ! ಎಲ್ಲಿ ಬಂದೈತೆ ತೂಕ? ಇಲಿ ಮರಿ ಇದ್ದಂಗೈತೆ. ಕಡ್ಡಿ. ಒಣಕಲು. ಕೇಳಿಸ್ತೇನ್ರೋ ಎಲ್ರಿಗೂ? ಒಣಕಲು!"

ಸಿಸ್ಟರಿಗೂ ಅರ್ಥವಾಯಿತು. "ಹೌದು, ಹೌದು. ಏನೂ ಬಂದಿಲ್ಲ," ಎಂದು ಪಿಸುಗುಟ್ಟಿದರು, ಮುಖವೆಲ್ಲ ನಗುತ್ತಾ. ಸಿಂಚನ ಕೂಸನ್ನು ಎದೆಗವುಚಿಕೊಂಡು, "ಒಣಕಲು, ನನ್ನ ಒಣಕಲು," ಎಂದು ಅದರ ನೆತ್ತಿಗೆ ಮುತ್ತಿಟ್ಟಳು. ಲಕ್ಷ್ಮೀದೇವಮ್ಮ ಅಡಿಗೆ ಮನೆಯಿಂದ ಬೆಲ್ಲದ ಡಬ್ಬಿಯನ್ನೇ ಎತ್ತಿಕೊಂಡು ಬಂದು ಎಲ್ಲರ ಬಾಯಿಗೂ ಒಂದೊಂದು ಚೂರು ಹಾಕಿದಳು. ನನ್ನ ಬಾಯಿಗೆ ಹಾಕುವಾಗ ಎರಡು ಚೂರು ಹಾಕಿದಳು. ಜನರ ಮುಂದೆ ಅವಳು ನನಗೆ ಹಾಗೆ ತಿನ್ನಿಸಿದ್ದು ಮದುವೆಯಲ್ಲಿ ಒಂದು ಸಲ, ಅದೂ ಪುರೋಹಿತರು ಹೇಳಿದ್ದಕ್ಕೆ.

ಹೊರಡುವಾಗ ಸಿಸ್ಟರ್, "ಇನ್ನೂ ನಿಲ್ಲಿಸ್ಬೇಡಿ ತಾತ," ಎಂದರು. "ಸಾಕು ಅನ್ನೋದನ್ನ ಅವಳೇ ಹೇಳ್ತಾಳೆ."

"ಮಾತು ಬರೋವರ್ಗೂ ಇಟ್ಕೊಂಡಿರ್ಬೇಕಾ?" ಎಂದ ಬಾಗಿಲಾಚೆಯ ಕೊಂಡಪ್ಪ.

"ಬಾಯಲ್ಲಿ ಅಲ್ಲ, ಕಾಲಲ್ಲಿ ಹೇಳ್ತಾಳೆ," ಎಂದು ಸ್ಕೂಟಿ ಹತ್ತಿದರು.

ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತಿದ್ದ ಒಂದು ಬೆಳಿಗ್ಗೆ ಅವಳು ಹೇಳಿದಳು. ಎಂದಿನಂತೆ ಎದೆಗೆ ಹಾಕಿಕೊಂಡು ಒರಗಿದ್ದೆ. ಸೀರೆಯ ಕಟ್ಟಿನೊಳಗೆ ಏನೋ ಮಿಸುಕಿತು. ಹೊಟ್ಟೆಗೆ ಒಂದು ಒದೆ ಬಿತ್ತು. ಸಮಾಧಾನ ಮಾಡಲು ಬೆನ್ನು ಸವರಿದೆ. ಇನ್ನೊಂದು ಒದೆ, ಮೊದಲಿನದಕ್ಕಿಂತ ಜೋರು. ತಲೆ ಹಿಂದಕ್ಕೆ ಎಳೆದು, ಮುಖ ಕೆಂಪು ಮಾಡಿಕೊಂಡು, ಗಂಟಲಲ್ಲೇ ಗೊಣಗಿದಳು. ಬಿಗಿಯಾಯಿತೇನೋ ಎಂದು ಸೀರೆಯ ಗಂಟು ಸಡಿಲಿಸಿದೆ. ಅದಲ್ಲ ವಿಷಯ ಎನ್ನುವಂತೆ ಎರಡೂ ಕಾಲಿಂದ ನನ್ನನ್ನು ತಳ್ಳಿದಳು. ಚಾಪೆಯ ಮೇಲೆ ಮಲಗಿಸಿದೆ. ಗೊಣಗಾಟ ನಿಂತಿತು. ಕೈ ಬೀಸಿ, ಕಾಲು ಬೀಸಿ, ಸೂರಿನ ಕಡೆ ನೋಡುತ್ತಾ ಹಾಯಾಗಿ ಬಿದ್ದುಕೊಂಡಳು. ಮತ್ತೆ ಎತ್ತಿ ಎದೆಗೆ ಹಾಕಿಕೊಂಡು ನೋಡಿದೆ. ಮತ್ತೆ ಒದೆ.

ಸಿಂಚನ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ಕೆನ್ನೆ ತುಂಬಿಕೊಂಡಿದ್ದಳು. ಜಡೆಯ ತುದಿಗೆ ಒಂದು ದಾಸವಾಳ.

"ತಾತ," ಎಂದಳು, "ನಿಮ್ಮನ್ನ ಕೆಲಸದಿಂದ ತೆಗೆದ್ಹಾಕ್ಬಿಟ್ಳು."

"ನೋಟೀಸೂ ಕೊಡ್ಲಿಲ್ಲ ಕಣವ್ವ," ಎಂದೆ.

ಎದೆ ಬರಿದಾಗಿ ಗಾಳಿ ತಣ್ಣಗೆ ತಾಗಿತು. ಅಂಗಿ ಹುಡುಕಿದೆ. ಇಷ್ಟು ದಿನ ಹಗಲಲ್ಲಿ ಬೇಕಾಗದ್ದನ್ನು ಲಕ್ಷ್ಮೀದೇವಮ್ಮ ಎಲ್ಲಿ ಮಡಿಸಿಟ್ಟಿದ್ದಳೋ. ಅವಳು ತಂದುಕೊಡುವವರೆಗೂ ಚಾಪೆಯ ಪಕ್ಕದಲ್ಲಿ ಕೂತಿದ್ದೆ. ಕೂಸು ನನ್ನ ಕಡೆ ನೋಡಲೇ ಇಲ್ಲ. ಸೈಕಲ್ ತುಳಿಯುವವಳ ಹಾಗೆ ಎರಡು ಕಾಲನ್ನೂ ಗಾಳಿಯಲ್ಲಿ ಆಡಿಸುತ್ತಾ ಎಲ್ಲಿಗೋ ಹೊರಟಿದ್ದಳು.